ಮುಚ್ಚಿಗೆಯ ಹಲಗೆಯಿಂದ ಮಂಚದ ತಲೆಹಲಗೆ

ನಾನು ಮಾಡಿದ ಮೊದಲ ತಲೆಹಲಗೆ ಎಂಟು ತಿಂಗಳು ಬಾಳಿತು. ಜುಲೈ ತಿಂಗಳ ಜಡಿಮಳೆಯಲ್ಲಿ ಶಾಲೆಗೆ ರಜೆ ಸಿಕ್ಕಿತೆಂದು ಉತ್ಸಾಹದಿಂದ ಹತ್ತು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟು ಹಾಕಿದೆ. ಒಂದೇ ದೊಡ್ಡ ಫಲಕ ಮಾಡಿ ಎರಡು ಕಂಬಗಳಿಗೆ ಹತ್ತಾರು ಸ್ಕ್ರೂಗಳಿಂದ ಬಿಗಿದೆ. ನೋಡಲು ಚೆನ್ನಾಗಿಯೇ ಇತ್ತು. ಶಿವರಾತ್ರಿ ಕಳೆದ ಒಂದು ರಾತ್ರಿ ತಲೆಯ ಹಿಂದೆ ಪಟಾಕಿ ಸಿಡಿದಂತೆ ಸದ್ದಾಯಿತು. ದೀಪ ಹಾಕಿ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಬೆರಳು ತೂರುವಷ್ಟು ಬಿರುಕು.

ಮರುದಿನ ಕೇರಿಯ ಬಡಗಿ ಆಚಾರ್ರು ಬಂದು ನೋಡಿದರು. "ಮೇಷ್ಟ್ರೇ, ಅಂಟು ಚೆನ್ನಾಗಿ ಹಿಡಿದಿದೆ. ಅದೇ ತಪ್ಪಾಗಿದ್ದು" ಎಂದರು. ಬಿರುಕು ಬಿಟ್ಟಿದ್ದು ಅಂಟಿನ ಜಾಗದಲ್ಲಿ ಅಲ್ಲ, ಹಲಗೆಯ ನಡುವೆಯೇ. ಮಳೆಗಾಲದಲ್ಲಿ ನೀರು ಕುಡಿದು ಹಿಗ್ಗಿದ್ದ ಮರ ಬೇಸಿಗೆಯಲ್ಲಿ ಕುಗ್ಗಬೇಕು. ಎರಡೂ ಕಡೆ ಸ್ಕ್ರೂ ಹಿಡಿದುಕೊಂಡಿದ್ದರೆ ಅದು ಎಲ್ಲಿಗೆ ಕುಗ್ಗೀತು? ಬಲವಿಲ್ಲದ ಕಡೆ ಹರಿದುಕೊಂಡಿತು.

ಆಮೇಲೆ ಮಾಡಿದ ತಲೆಹಲಗೆಗೆ ಈಗ ಹಲವು ಮಳೆಗಾಲಗಳು ಕಳೆದಿವೆ. ಅಂಗಡಿಯವರು ಹೆಡ್‌ಬೋರ್ಡ್ ಎನ್ನುವ ಈ ವಸ್ತುವನ್ನು ಮನೆಯಲ್ಲೇ ಮಾಡುವುದು ಹೇಗೆ ಎಂಬುದನ್ನು ಆ ಎರಡನೆಯದರ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮದು ಐದು–ಆರರ ಮಂಚ. ಮರ ಹಲಸು. ಮಲೆನಾಡಿನಲ್ಲಿ ಅಜ್ಜನ ಮನೆ ಬಿಚ್ಚಿದಾಗ ಮುಚ್ಚಿಗೆಯಿಂದ, ಅಂದರೆ ಮರದ ಒಳಚಾವಣಿಯಿಂದ, ಇಳಿಸಿದ ಹಲಗೆಗಳು. ನಿಮ್ಮಲ್ಲಿ ಹಳೆಯ ಮರ ಇಲ್ಲದಿದ್ದರೆ ಹೊಸದನ್ನು ಕೊಳ್ಳಿ, ಕೆಲಸದ ಕ್ರಮ ಒಂದೇ.

ಮೊದಲು ಕುಳಿತು ಅಳೆಯಿರಿ

ತಲೆಹಲಗೆಯ ಎತ್ತರವನ್ನು ಚಿತ್ರ ನೋಡಿ ನಿರ್ಧರಿಸಬೇಡಿ. ಮಂಚವನ್ನು ಗೋಡೆಗೆ ತಾಗಿಸಿ, ಹಾಸಿಗೆ ಹಾಕಿ, ರಾತ್ರಿ ಓದಲು ಕೂರುವ ಹಾಗೆಯೇ ಗೋಡೆಗೆ ಒರಗಿ ಕುಳಿತುಕೊಳ್ಳಿ. ಮನೆಯವರೊಬ್ಬರು ಪೆನ್ಸಿಲ್ ಹಿಡಿದು ಗೋಡೆಯ ಮೇಲೆ ಮೂರು ಗುರುತು ಹಾಕಲಿ: ಹಾಸಿಗೆಯ ಮೇಲ್ಮೈ, ನಿಮ್ಮ ಭುಜ, ನೆತ್ತಿ. ಹಲಗೆಯ ಮೇಲಂಚು ಭುಜಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಅಂಚು ಬೆನ್ನಿಗೆ ಕೊರೆಯುತ್ತದೆ. ನೆತ್ತಿಗಿಂತ ಬಹಳ ಮೇಲೆ ಹೋದರೆ ಕೋಣೆ ಕುಗ್ಗಿದಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಹಾಸಿಗೆಯ ಮೇಲ್ಮೈ ನೆಲದಿಂದ 22 ಇಂಚು. ಅದರ ಮೇಲೆ 24 ಇಂಚು ಸಾಕೆನಿಸಿತು. ಒಟ್ಟು 46 ಇಂಚು, ಮೇಲೊಂದು ಇಂಚಿನ ಪಟ್ಟಿ ಸೇರಿ 47.

ಅಗಲಕ್ಕೆ ಹಾಸಿಗೆಯನ್ನಲ್ಲ, ಮಂಚದ ಚೌಕಟ್ಟಿನ ಹೊರ ಅಳತೆಯನ್ನು ಹಿಡಿಯಬೇಕು. ಹಾಸಿಗೆ 60 ಇಂಚು ಇದ್ದರೂ ಮಂಚ 63 ಇತ್ತು. ಎರಡೂ ಬದಿ ಒಂದೂವರೆ ಇಂಚು ಹೊರಚಾಚಲಿ ಎಂದು 66 ಇಂಚು ಇಟ್ಟುಕೊಂಡೆ. ಇದೇ ಹೊತ್ತಿನಲ್ಲಿ ಸ್ವಿಚ್ ಬೋರ್ಡ್ ಎಲ್ಲಿದೆ, ಕಿಟಕಿಯ ಬಾಗಿಲು ಎಲ್ಲಿಯವರೆಗೆ ತೆರೆಯುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಚಾರ್ಜರ್ ಸಿಕ್ಕಿಸುವ ಪ್ಲಗ್ಗು ಹಲಗೆಯ ಹಿಂದೆ ಮುಚ್ಚಿಹೋದರೆ ಮನೆಯಲ್ಲಿ ನಿಮ್ಮ ಕೌಶಲಕ್ಕೆ ಯಾವ ಬೆಲೆಯೂ ಉಳಿಯುವುದಿಲ್ಲ.

ಕುಶನ್ ಹಾಕಿದ ತಲೆಹಲಗೆ ಮೆತ್ತಗಿರುತ್ತದಲ್ಲ, ಬರಿಯ ಮರ ಏಕೆ ಎಂದು ಕೇಳುವವರಿದ್ದಾರೆ. ನಮ್ಮದು ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಮನೆ. ಬಟ್ಟೆಯ ಕುಶನ್ ಆರು ತಿಂಗಳಲ್ಲಿ ಎರಡು ಕರಿ ವೃತ್ತಗಳನ್ನು ಹೊತ್ತು ಕೂತಿರುತ್ತದೆ, ಗಂಡ ಹೆಂಡತಿ ಎಲ್ಲಿ ಕೂರುತ್ತಾರೆಂದು ಬಂದವರಿಗೆಲ್ಲ ತಿಳಿಯುತ್ತದೆ. ಮರವನ್ನಾದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಮೆತ್ತಗೆ ಬೇಕಾದಾಗ ದಿಂಬು ಇದ್ದೇ ಇದೆ.

ಯಾವ ಮರ

ತೇಗ ಸಿಕ್ಕರೆ ಎರಡು ಮಾತಿಲ್ಲ. ಹಿಗ್ಗುಕುಗ್ಗು ಕಡಿಮೆ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಬೆಲೆ ಮಾತ್ರ ಕೈ ಸುಡುತ್ತದೆ. ನನಗೆ ಹಲಸು ಅದಕ್ಕಿಂತ ಕಡಿಮೆ ಎಂದು ಎಂದೂ ಅನಿಸಿಲ್ಲ. ವೀಣೆ, ಮೃದಂಗಕ್ಕೆ ಬಳಸುವ ಮರ ಅದು. ಹೊಸದಾಗಿ ಕೊಯ್ದಾಗ ಅರಿಸಿನದ ಬಣ್ಣ, ವರ್ಷ ಕಳೆದಂತೆ ಜೇನಿನ ಬಣ್ಣ, ಆಮೇಲೆ ಕೆಂಪು ಕಂದು. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಆದೀತು. ಅಗ್ಗ, ಹಗುರ, ಸರಿಯಾಗಿ ಸೀಳಿದರೆ ಮೈಮೇಲೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಆದರೆ ಹುಳುವಿಗೆ ಅದು ಹಬ್ಬದೂಟ, ಔಷಧಿ ಕಾಣಿಸದೆ ಬಳಸಬಾರದು. ಬೀಟೆಯ ಆಸೆ ಇದ್ದರೆ ಹಳೆಯ ಮನೆಯ ತೊಲೆಯೋ ಬಾಗಿಲೋ ಸಿಗುತ್ತದೆಯೇ ನೋಡಿ.

ಮರ ಯಾವುದೇ ಇರಲಿ, ಹಲಗೆಯ ಅಂಚಿನಲ್ಲಿರುವ ಬಿಳಿಭಾಗ ನಂಬಿಕೆಗೆ ಅರ್ಹವಲ್ಲ. ಹುಳು ಮೊದಲು ಹಿಡಿಯುವುದು ಅದನ್ನೇ. ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ, ಇರುವ ಹಲಗೆಯನ್ನೇ ಆರಿಸಿ. ಹೊಸ ಮರವಾದರೆ ತೇವಾಂಶ ಅಳೆಯುವ ಮೀಟರ್ ಇರುವ ಅಂಗಡಿಯಲ್ಲಿ ಕೊಳ್ಳುವುದು ಮೇಲು. ಹಲಗೆಯಲ್ಲಿ 12 ಶೇಕಡಾ ಆಸುಪಾಸು ಇರಬೇಕು. ಮೀಟರ್ ಇಲ್ಲದಿದ್ದರೆ ಕೊಯ್ಯಿಸಿ ತಂದ ಹಲಗೆಗಳ ನಡುವೆ ಇಂಚು ದಪ್ಪದ ರೀಪು ಇಟ್ಟು, ಮಳೆ ಬಿಸಿಲು ತಾಗದ ಗಾಳಿಯಾಡುವ ಜಾಗದಲ್ಲಿ ಪೇರಿಸಿಡಿ. ಇಂಚು ದಪ್ಪದ ಹಲಗೆ ಒಣಗಲು ಹಲವು ತಿಂಗಳು ಬೇಕು. ಇಲ್ಲಿ ಅವಸರ ಮಾಡಿದವರೇ ಆಮೇಲೆ ಮರವನ್ನು ಬೈಯುತ್ತಾರೆ.

ಸಾ ಮಿಲ್ಲಿನಲ್ಲಿ ಲೆಕ್ಕ ಘನ ಅಡಿಯಲ್ಲಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಈ ತಲೆಹಲಗೆಗೆ ಬೇಕಾದದ್ದು ಇಷ್ಟು:

ಕಾಲುಗಳು ಎರಡು: 46 ಇಂಚು ಉದ್ದ, 3 ಇಂಚು ಅಗಲ, ಒಂದೂವರೆ ಇಂಚು ದಪ್ಪ.
ಅಡ್ಡಪಟ್ಟಿಗಳು ಎರಡು: 63 ಇಂಚು ಉದ್ದ, 4 ಇಂಚು ಅಗಲ, ಒಂದೂವರೆ ಇಂಚು ದಪ್ಪ.
ನಿಲುವು ಹಲಗೆಗಳು ಹನ್ನೆರಡು: 24 ಇಂಚು ಉದ್ದ, ಐದೂವರೆ ಇಂಚು ಅಗಲ, 18 ಮಿ.ಮೀ. ದಪ್ಪ.
ಮೇಲ್ಪಟ್ಟಿ ಒಂದು: 68 ಇಂಚು ಉದ್ದ, 3 ಇಂಚು ಅಗಲ, ಒಂದು ಇಂಚು ದಪ್ಪ.
ರೀಪು ಎರಡು: 60 ಇಂಚು ಉದ್ದ, 25 ಮಿ.ಮೀ. ಅಗಲ, 18 ಮಿ.ಮೀ. ದಪ್ಪ.

ಎಲ್ಲ ಸೇರಿ ಹೆಚ್ಚುಕಡಿಮೆ ಒಂದೂವರೆ ಘನ ಅಡಿ. ಇವು ಹತ್ತರಿ (ಮರದ ಮೈಯನ್ನು ಹೆರೆದು ನಯ ಮಾಡುವ ಸಾಧನ) ಹೊಡೆದು ಮುಗಿದ ಮೇಲಿನ ಅಳತೆಗಳು. ಒರಟು ಮರ ಕೊಯ್ಯಿಸುವಾಗ ದಪ್ಪದಲ್ಲೂ ಅಗಲದಲ್ಲೂ ಕಾಲು ಇಂಚು, ಉದ್ದದಲ್ಲಿ ಎರಡು ಇಂಚು ಹೆಚ್ಚಿಗೆ ಇಟ್ಟು, ಗಂಟು, ಬಿರುಕಿಗೂ ಸೇರಿಸಿ ಎರಡೂಕಾಲು ಘನ ಅಡಿ ಹೇಳಿ. ಇಂಚೂ ಮಿಲಿಮೀಟರೂ ಬೆರೆತಿವೆ ಎಂದು ಹುಬ್ಬೇರಿಸಬೇಡಿ. ನಮ್ಮ ಮರಗೆಲಸವೇ ಹಾಗೆ. ಮರ ಇಂಚಿನಲ್ಲಿ, ಸ್ಕ್ರೂ ಮಿಲಿಮೀಟರಿನಲ್ಲಿ.

ಹಳೆಯ ಹಲಗೆಯ ಒಳಗೆ ಏನಿದೆ

ಮುಚ್ಚಿಗೆಯ ಹಲಗೆಗಳು ಎಷ್ಟೋ ದಶಕ ಒಣಗಿರುತ್ತವೆ, ಅದು ಅವುಗಳ ದೊಡ್ಡ ಗುಣ. ಅಡುಗೆಮನೆಯ ಮೇಲಿದ್ದವಾದರೆ ಹೊಗೆ ಕುಡಿದು ಕಪ್ಪಾಗಿರುತ್ತವೆ. ಆ ಕಪ್ಪನ್ನು ನೋಡಿ ಸೌದೆಗೆ ಎಸೆಯಬೇಡಿ. ಒಂದು ಕೂದಲೆಳೆಯಷ್ಟು ಕೆತ್ತಿದರೆ ಒಳಗೆ ಜೇನುಬಣ್ಣ ಕಾಣುತ್ತದೆ. ಹಳೆಯ ಮನೆಯ ಮರವನ್ನು ಬೇರೆ ಊರಿಗೆ ಸಾಗಿಸುವುದಿದ್ದರೆ ರಹದಾರಿ ಬೇಕೇ ಎಂದು ಹತ್ತಿರದ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಲಾರಿ ಹತ್ತಿಸಿ.

ಹಳೆಯ ಹಲಗೆಯ ಶತ್ರು ಮುರಿದ ಮೊಳೆ. ತಲೆ ತುಕ್ಕು ಹಿಡಿದು ಉದುರಿ, ಮೈ ಒಳಗೇ ಉಳಿದಿರುತ್ತದೆ. ನನ್ನ ಹತ್ತರಿಯ ಅಲಗು ಮೊದಲ ದಿನವೇ ಅಂಥ ಒಂದಕ್ಕೆ ತಾಗಿ ಹಲ್ಲು ಮುರಿದುಕೊಂಡಿತು. ಆಮೇಲೆ ಹಳೆಯ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ನಿಧಾನವಾಗಿ ಎಳೆದೆ. ಅದು ಸೆಳೆದ ಕಡೆಯೆಲ್ಲ ಸೀಮೆಸುಣ್ಣದ ಗುರುತು. ಹನ್ನೆರಡು ಹಲಗೆಗಳಲ್ಲಿ ಮೂವತ್ತಕ್ಕೂ ಮಿಕ್ಕಿ ಗುರುತುಗಳಾದವು. ಸಿಕ್ಕಿದ್ದನ್ನು ಇಕ್ಕಳದಿಂದ ಕಿತ್ತು, ಕಿತ್ತು ಬಾರದ್ದನ್ನು ಹಿಂಬದಿಯಿಂದ ಸಣ್ಣ ಉಕ್ಕಿನ ಸಲಾಕೆ ಇಟ್ಟು ಹೊಡೆದು ಹೊರತಳ್ಳಿ. ತೂತುಗಳನ್ನು ತುಂಬಲು ಹೋಗಬೇಡಿ. ಅವು ಹಲಗೆಯ ವಯಸ್ಸು.

ಸಣ್ಣ ದುಂಡು ತೂತುಗಳಿದ್ದು, ತಟ್ಟಿದರೆ ನುಣ್ಣನೆಯ ಹುಡಿ ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಾಗಿದೆ. ಅಂಥ ಭಾಗವನ್ನು ಕೊಯ್ದು ತೆಗೆಯುವುದೇ ಸರಿ. ಉಳಿದದ್ದಕ್ಕೆ ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬಿಳಿಗಾರ (ಬೋರಾಕ್ಸ್), 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಹಲಗೆ ಕೊಯ್ದು ಹತ್ತರಿ ಹೊಡೆದಾದ ಮೇಲೆ ಎರಡೂ ಮೈಗೆ, ತುದಿಗಳಿಗೆ ಎರಡು ಮೂರು ಸಲ ಕುಂಚದಿಂದ ಧಾರಾಳವಾಗಿ ಬಳಿದು ಒಂದು ವಾರ ಒಣಗಲು ಬಿಡಿ. ಕೈಗವಸು ಹಾಕಿಕೊಳ್ಳಿ, ಮಿಕ್ಕ ನೀರನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಇದು ನೀರಿನಲ್ಲಿ ಕರಗುವ ಔಷಧಿ. ಮೇಲೆ ಪಾಲಿಶ್ ಬಿದ್ದರೇ ಉಳಿಯುವುದು.

ಚೌಕಟ್ಟು

ಎರಡು ಕಾಲು, ನಡುವೆ ಎರಡು ಅಡ್ಡಪಟ್ಟಿ. ಭಾರವೆಲ್ಲ ಇದರದೇ. ಹಲಗೆಗಳು ಬರಿಯ ತುಂಬುವ ಕೆಲಸಕ್ಕೆ. ಆದ್ದರಿಂದ ಶ್ರಮವನ್ನು ಇಲ್ಲಿ ಸುರಿಯಿರಿ.

ಕಾಲುಗಳಲ್ಲಿ ಗುಳಿ ಕೊರೆದು, ಅಡ್ಡಪಟ್ಟಿಯ ತುದಿಗಳನ್ನು ನಾಲಗೆಯ ಹಾಗೆ ತೆಳುವಾಗಿಸಿ ಕೂರಿಸುವ ಹಳೆಯ ಸಂದೇ ಒಳ್ಳೆಯದು. ಬರಿಯ ಸ್ಕ್ರೂ, ಮೂಲೆತಗಡು ಹಾಕಿದ ಚೌಕಟ್ಟು ಒಂದೆರಡು ವರ್ಷದಲ್ಲಿ ಕಿರುಗುಟ್ಟಲು ತೊಡಗುತ್ತದೆ. ರಾತ್ರಿ ಕಿರುಗುಟ್ಟುವ ಮಂಚದ ಬಗ್ಗೆ ಪಕ್ಕದ ಮನೆಯವರ ಮುಂದೆ ವಿವರಣೆ ಕೊಡುವುದಕ್ಕಿಂತ ಎರಡು ದಿನ ಉಳಿ ಹಿಡಿಯುವುದು ಸುಲಭ.

ಲೆಕ್ಕ ಹೀಗೆ. ಒಟ್ಟು ಅಗಲ 66 ಇಂಚು. ಎರಡು ಕಾಲುಗಳ ಅಗಲ 6 ಇಂಚು ಕಳೆದರೆ ನಡುವೆ 60. ಎರಡೂ ತುದಿಗೆ ಒಂದೂವರೆ ಇಂಚಿನ ನಾಲಗೆ ಸೇರಿ ಅಡ್ಡಪಟ್ಟಿ 63. ನಾಲಗೆಯ ದಪ್ಪ ಅರ್ಧ ಇಂಚು, ಅಂದರೆ ಮರದ ದಪ್ಪದಲ್ಲಿ ಮೂರನೆಯ ಒಂದು ಪಾಲು. ಅಗಲ 3 ಇಂಚು. ಗುಳಿಯ ಆಳ ನಾಲಗೆಗಿಂತ ಒಂದೆರಡು ಮಿ.ಮೀ. ಹೆಚ್ಚಿರಲಿ, ಅಂಟು ಒಳಗೆ ಕೂರಲು ಜಾಗ ಬೇಕು.

ಕೆಳಗಿನ ಅಡ್ಡಪಟ್ಟಿಯ ಕೆಳ ಅಂಚು ನೆಲದಿಂದ 14 ಇಂಚು ಮೇಲೆ. ಇದು ಹಾಸಿಗೆಯ ಹಿಂದೆ ಮರೆಯಾಗುತ್ತದೆ. ಮೇಲಿನ ಅಡ್ಡಪಟ್ಟಿಯ ಮೇಲಂಚು ಕಾಲಿನ ತುದಿಗೆ ಸಮ. ಇಲ್ಲೊಂದು ಎಚ್ಚರ. ಕಾಲಿನ ತುದಿಗೆ ಹತ್ತಿರ ಗುಳಿ ಕೊರೆಯುವಾಗ ಮರ ಸೀಳಿಹೋಗುತ್ತದೆ. ಅದಕ್ಕೆ ಕಾಲುಗಳನ್ನು ಮೊದಲು 47 ಇಂಚು ಉದ್ದವೇ ಇಟ್ಟುಕೊಂಡು, ಸಂದು ಕೂಡಿಸಿ ಅಂಟು ಒಣಗಿದ ಮೇಲೆ ಹೆಚ್ಚಿನ ಇಂಚನ್ನು ಗರಗಸದಿಂದ ತೆಗೆಯಬೇಕು. ಮೇಲಿನ ನಾಲಗೆಯ ಅಗಲದಲ್ಲೂ ಒಂದು ಇಂಚನ್ನು ಮೇಲ್ಗಡೆಯಿಂದಲೇ ಕಳೆದುಕೊಳ್ಳಿ. ಆಗ ಗುಳಿಯ ಮೇಲೆ ಮರ ಉಳಿಯುತ್ತದೆ.

ಗುಳಿಯನ್ನು ಅರ್ಧ ಇಂಚಿನ ಡ್ರಿಲ್ ಬಿಟ್ಟಿನಿಂದ ಸಾಲಾಗಿ ಕೊರೆದು, ನಡುವೆ ಉಳಿದದ್ದನ್ನು ಉಳಿ ಮತ್ತು ಕೊಡತಿಯಿಂದ (ಮರದ ಸುತ್ತಿಗೆಯಿಂದ) ಬಿಡಿಸಿದರೆ ಕೆಲಸ ಬೇಗ ಆಗುತ್ತದೆ. ಗೆರೆಗಳನ್ನು ಪೆನ್ಸಿಲಿನ ಬದಲು ಹರಿತವಾದ ಚಾಕುವಿನಲ್ಲಿ ಎಳೆಯಿರಿ, ಉಳಿ ಆ ಗೀರಿನಲ್ಲಿ ತಾನಾಗಿ ಕೂರುತ್ತದೆ. ನಾಲಗೆ ಕೈಯಿಂದ ಒತ್ತಿದರೆ ಅರ್ಧ ಹೋಗಿ, ಮಿಕ್ಕದ್ದಕ್ಕೆ ಕೊಡತಿಯ ಎರಡು ಮೆಲುಪೆಟ್ಟು ಬೇಕು ಎನ್ನುವಷ್ಟು ಬಿಗಿ ಇರಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕಾದರೆ ಕಾಲು ಸೀಳುತ್ತದೆ. ಸಡಿಲವಾದರೆ ತೆಳು ಚಕ್ಕೆಯೊಂದನ್ನು ನಾಲಗೆಗೆ ಅಂಟಿಸಿ ಮತ್ತೆ ಕೆತ್ತಿ. ಆಚಾರ್ರುಗಳೂ ಹೀಗೆ ಮಾಡುತ್ತಾರೆ, ಗಿರಾಕಿಯ ಎದುರು ಮಾಡುವುದಿಲ್ಲ ಅಷ್ಟೆ.

ಅಂಟು ಹಾಕುವ ಮುಂಚೆ ಒಮ್ಮೆ ಒಣದಾಗಿಯೇ ಪೂರ್ತಿ ಜೋಡಿಸಿ ನೋಡಿ. ಮೂಲೆಮಟ್ಟದಲ್ಲಿ ಸರಿ ಕಂಡರೂ ಎರಡು ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ಎರಡೂ ಸಮನಾಗಿದ್ದರೆ ಮಾತ್ರ ಚೌಕಟ್ಟು ನೇರ. ಒಂದು ಉದ್ದವಾಗಿದ್ದರೆ ಆ ಕರ್ಣದ ಎರಡು ಮೂಲೆಗಳನ್ನು ಒತ್ತಿ ಸರಿಪಡಿಸಿ. ಆಮೇಲೆ ಅಂಟು. ಐದೂವರೆ ಅಡಿಯ ಕ್ಲಾಂಪ್ ಎಲ್ಲರ ಮನೆಯಲ್ಲೂ ಇರುವುದಿಲ್ಲ. ನಾನು ಚೌಕಟ್ಟಿನ ಸುತ್ತ ಸೆಣಬಿನ ಹಗ್ಗವನ್ನು ಎರಡು ಸುತ್ತು ಹಾಕಿ, ನಡುವೆ ಕೋಲು ತೂರಿಸಿ ತಿರುಚಿದೆ. ಮೇಲೊಂದು, ಕೆಳಗೊಂದು. ಹಗ್ಗ ಮರವನ್ನು ಕೊರೆಯದ ಹಾಗೆ ಅಂಚಿಗೆ ರಟ್ಟಿನ ಚೂರು ಇಟ್ಟೆ. ಮರುದಿನ ಬಿಚ್ಚಿ, ಪ್ರತಿ ಸಂದಿಗೂ ಕಾಲಿನ ಮೂಲಕ ನಾಲಗೆಯನ್ನು ಹಾಯುವಂತೆ 8 ಮಿ.ಮೀ. ತೂತು ಕೊರೆದು ಬಲಿತ ಬಿದಿರಿನಿಂದ ಕೆತ್ತಿದ ಮೊಳೆ ಹೊಡೆದೆ. ಅಂಟು ಮುಂದೊಂದು ದಿನ ಕೈಕೊಟ್ಟರೂ ಬಿದಿರು ಹಿಡಿದಿರುತ್ತದೆ.

ಹಲಗೆಗಳಿಗೆ ಬಿಡಬೇಕಾದ ಜಾಗ

ಮೊದಲ ಸಲ ನಾನು ಎಡವಿದ್ದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮರ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಗಲಕ್ಕೆ ಹಾಗಲ್ಲ. ಮಲೆನಾಡಿನ, ಕರಾವಳಿಯ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಒಂದು ಅಡಿ ಅಗಲದ ಹಲಗೆ ಎರಡು ಮೂರು ಮಿ.ಮೀ. ಬದಲಾಗಬಹುದು. ಐದು ಅಡಿ ಅಗಲದ ಒಂದೇ ಫಲಕ ಮಾಡಿದರೆ ಅದು ಒಂದು ಸೆಂಟಿಮೀಟರಿಗಿಂತ ಹೆಚ್ಚಾಯಿತು. ಅದೇ ಐದು ಅಡಿಯನ್ನು ಹನ್ನೆರಡು ಬಿಡಿ ಹಲಗೆಗಳಾಗಿ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಸುಮಾರು ಒಂದು ಮಿ.ಮೀ. ಮಾತ್ರ. ಅಷ್ಟನ್ನು ಪಕ್ಕದ ಹಲಗೆಯ ಜತೆಗಿನ ಸಂದು ನುಂಗಿಕೊಳ್ಳುತ್ತದೆ. ಮುಚ್ಚಿಗೆ ಮಾಡಿದವರಿಗೆ ಇದು ಗೊತ್ತಿತ್ತು. ಅವರ ಹಲಗೆಗಳ ಅಂಚುಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ, ಅಂಟಿಕೊಂಡಿರುವುದಿಲ್ಲ.

ಹಾಗೆಯೇ ಮಾಡಿ. ಪ್ರತಿ ಹಲಗೆಯ ಒಂದು ಅಂಚಿನಲ್ಲಿ ಮುಂಬದಿಯಿಂದ, ಇನ್ನೊಂದು ಅಂಚಿನಲ್ಲಿ ಹಿಂಬದಿಯಿಂದ, 10 ಮಿ.ಮೀ. ಅಗಲ, 9 ಮಿ.ಮೀ. ಆಳದ ಮೆಟ್ಟಿಲು ತೆಗೆಯಬೇಕು. ಒಂದರ ಮೆಟ್ಟಿಲ ಮೇಲೆ ಇನ್ನೊಂದರದು ಕೂರುತ್ತದೆ. ಸಂದು ತೆರೆದರೂ ಹಿಂದಿನ ಗೋಡೆ ಕಾಣುವುದಿಲ್ಲ. ಮರದ ಅಂಚು ಕೊರೆಯುವ ರೂಟರ್ ಯಂತ್ರ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ದರೆ ಯಂತ್ರವಿರುವ ಬಡಗಿ ಅಂಗಡಿಯಲ್ಲಿ ಹನ್ನೆರಡನ್ನೂ ಒಟ್ಟಿಗೆ ಕೊಟ್ಟು ಮಾಡಿಸಿಕೊಳ್ಳಿ, ಇದರಲ್ಲಿ ಮಾನ ಹೋಗುವಂಥದ್ದೇನಿಲ್ಲ.

60 ಇಂಚು ಎಂದರೆ 1524 ಮಿ.ಮೀ. ಹನ್ನೆರಡರಿಂದ ಭಾಗಿಸಿದರೆ ಒಂದೊಂದು ಹಲಗೆಗೆ 127. ಅದರಲ್ಲಿ ಸಂದಿನ ಜಾಗ ಕಳೆದರೆ ಉಳಿದದ್ದು ಹಲಗೆಯ ಮುಖ. ಅದಕ್ಕೆ ಮೆಟ್ಟಿಲಿನ 10 ಮಿ.ಮೀ. ಸೇರಿಸಿ, ಬಂದ ಅಗಲಕ್ಕೆ ಐದೂವರೆ ಇಂಚಿನ ಹಲಗೆಯನ್ನು ಇಳಿಸಿಕೊಳ್ಳಿ. ಸಂದು ಎಷ್ಟು ಬಿಡಬೇಕೆಂಬುದು ನೀವು ಕೆಲಸ ಮಾಡುತ್ತಿರುವ ತಿಂಗಳನ್ನು ಅವಲಂಬಿಸಿದೆ. ಏಪ್ರಿಲ್‌ನಲ್ಲಿ ಮಾಡುವುದಾದರೆ ಮರ ಒಣಗಿ ಕುಗ್ಗಿರುತ್ತದೆ, ಮುಂದೆ ಹಿಗ್ಗುತ್ತದೆ. ಎರಡು ಮಿ.ಮೀ. ಅಥವಾ ತುಸು ಹೆಚ್ಚು ಬಿಡಿ. ಆಗಸ್ಟ್‌ನಲ್ಲಾದರೆ ಅದು ಆಗಲೇ ಹಿಗ್ಗಿ ನಿಂತಿರುತ್ತದೆ, ಇನ್ನು ಕುಗ್ಗುವುದೇ ಬಾಕಿ. ಒಂದು ಮಿ.ಮೀ. ಒಳಗೆ ಸಾಕು. ಅಳತೆಗೆ ಹಳೆಯ ಎಟಿಎಂ ಕಾರ್ಡುಗಳು ಬಹಳ ಚೆನ್ನಾಗಿ ಒದಗುತ್ತವೆ. ಒಂದರ ದಪ್ಪ ಮುಕ್ಕಾಲು ಮಿ.ಮೀ. ಮಳೆಗಾಲಕ್ಕೆ ಒಂದು ಕಾರ್ಡು, ಬೇಸಿಗೆಗೆ ಮೂರು. ಬಯಲುಸೀಮೆಯಲ್ಲಿ ಏರಿಳಿತ ಇಷ್ಟಿಲ್ಲ, ಎರಡು ಕಾರ್ಡು ಎಲ್ಲ ಕಾಲಕ್ಕೂ ನಡೆದೀತು.

ಈಗ ಕೂರಿಸುವುದು. ಚೌಕಟ್ಟನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಮೇಲಿನ ಅಡ್ಡಪಟ್ಟಿಯ ಕೆಳ ಅಂಚಿಗೂ ಕೆಳಗಿನದರ ಮೇಲಂಚಿಗೂ, ಹಿಂಬದಿಗೆ ಸಮನಾಗಿ ಒಂದೊಂದು ರೀಪನ್ನು ಅಂಟು ಮತ್ತು ಸ್ಕ್ರೂ ಹಾಕಿ ಕೂಡಿಸಿ. ಇಲ್ಲಿ ಅಂಟು ಹಾಕಬಹುದು, ಏಕೆಂದರೆ ರೀಪಿನ ನಾರೂ ಅಡ್ಡಪಟ್ಟಿಯ ನಾರೂ ಒಂದೇ ದಿಕ್ಕಿಗೆ ಓಡುತ್ತವೆ. ಆಮೇಲೆ ಚೌಕಟ್ಟನ್ನು ತಿರುಗಿಸಿ, ಮುಂಬದಿಯಿಂದ ಹಲಗೆಗಳನ್ನು ರೀಪಿನ ಮೇಲೆ ಕೂರಿಸುತ್ತಾ ಹೋಗಿ. ರೀಪು 18, ಹಲಗೆ 18, ಒಟ್ಟು 36. ಚೌಕಟ್ಟಿನ ದಪ್ಪ 38. ಹಲಗೆಗಳು ಚೌಕಟ್ಟಿಗಿಂತ ಎರಡು ಮಿ.ಮೀ. ಒಳಗೆ ಕೂತು ಒಂದು ತೆಳುವಾದ ನೆರಳಿನ ಗೆರೆ ಮೂಡುತ್ತದೆ. ಹಲಗೆಯ ಉದ್ದವನ್ನು 24 ಇಂಚಿಗಿಂತ ಎರಡು ಮಿ.ಮೀ. ಕಡಿಮೆ ಕೊಯ್ದರೆ ತುರುಕಬೇಕಾಗುವುದಿಲ್ಲ.

ಎಲ್ಲವನ್ನೂ ಒಮ್ಮೆ ಒಣದಾಗಿ ಹರಡಿ ನೋಡುವಾಗ ಬಣ್ಣದ ಕಡೆಗೂ ಗಮನವಿರಲಿ. ನಾನು ಕಪ್ಪು ಹೆಚ್ಚಿದ್ದ ಹಲಗೆಗಳನ್ನು ಎರಡು ಬದಿಗೂ, ತಿಳಿಯಾದವನ್ನು ನಡುವೆಯೂ ಇಟ್ಟೆ. ಅಳಿಯ ಬಂದು ಅದಲುಬದಲು ಮಾಡಿ ಹೋದ, ಅದೇ ಚೆನ್ನಾಗಿ ಕಂಡಿತು. ಹಿಂದೆ ಸಂಖ್ಯೆ ಬರೆದುಕೊಂಡು ಹಲಗೆಗಳನ್ನು ತೆಗೆದಿಡಿ. ಅವುಗಳನ್ನು ಈಗಲೇ ಬಿಗಿಯಬಾರದು, ಮೊದಲು ಬಣ್ಣ.

ಪಾಲಿಶ್

80, 120, 180 ಎಂಬ ಕ್ರಮದಲ್ಲಿ ಮರಳುಕಾಗದ, ಯಾವಾಗಲೂ ನಾರಿನ ದಿಕ್ಕಿಗೆ. ಮುಖಕ್ಕೆ ಮಾಸ್ಕ್ ಇರಲಿ, ಹಳೆಯ ಮರದ ಮಸಿ ಗಂಟಲಿಗೆ ಹತ್ತುತ್ತದೆ.

ಅರಗಿನ ಪಾಲಿಶ್ ನನಗೆ ಇಷ್ಟ. ಪಾಲಿಶ್‌ಗೆಂದೇ ಮಾರುವ ಒಂದು ಲೀಟರ್ ಸ್ಪಿರಿಟ್ಟಿನಲ್ಲಿ 150 ಗ್ರಾಂ ಅರಗಿನ ಚಕ್ಕೆ ಹಾಕಿ ಒಂದು ರಾತ್ರಿ ಇಟ್ಟು, ಸೋಸಿ, ಹತ್ತಿಬಟ್ಟೆಯ ಉಂಡೆಯಲ್ಲಿ ಉಜ್ಜಿದರೆ ಹಲಸಿನ ಒಳಗಿನ ಬೆಳಕು ಹೊರಬರುತ್ತದೆ. ಆದರೆ ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲಿ ಒರಗುವವರಿರುವ ಮನೆಯಲ್ಲಿ ಅದು ನಿಲ್ಲುವುದಿಲ್ಲ, ನೀರು ತಾಗಿದ ಕಡೆ ಬೆಳ್ಳಗೆ ಮಚ್ಚೆ ಬೀಳುತ್ತದೆ. ಹಾಗಾಗಿ ತಲೆಹಲಗೆಗೆ ಹೊಳಪಿಲ್ಲದ ಪಿ.ಯು. (ಪಾಲಿಯುರೆಥೇನ್) ಪಾಲಿಶ್ಶೇ ಸರಿ. ಮೊದಲ ಕೈ ತೆಳುವಾಗಿ, ಮೇಲೆ ಎರಡು ಕೈ, ಪ್ರತಿ ಕೈಯ ನಡುವೆ 320ರ ಮರಳುಕಾಗದದಿಂದ ಹಗುರವಾಗಿ ಸವರಿ. ಅರಗಿನ ಮೇಲೆ ಪಿ.ಯು. ಹಚ್ಚುವ ಜಾಣತನ ಬೇಡ. ಮಾಮೂಲಿ ಅರಗಿನಲ್ಲಿ ಮೇಣವಿರುತ್ತದೆ, ಮೇಲಿನದು ಸಿಪ್ಪೆಯಂತೆ ಏಳುತ್ತದೆ. ಯಾವ ಪಾಲಿಶ್ ಆದರೂ ಮಳೆ ಹೊಡೆಯುವ ದಿನ ಹಚ್ಚಬೇಡಿ. ಅಗಸೆ ಎಣ್ಣೆ ಬಳಸುವವರಿದ್ದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹಗ್ಗದ ಮೇಲೆ ಒಣಹಾಕಿ.

ಬಿಡಿ ಹಲಗೆಗಳಿಗೆ ಪಾಲಿಶ್ ಹಾಕಲು ಕಾರಣವಿದೆ. ಮೆಟ್ಟಿಲ ಅಂಚುಗಳಿಗೂ ಬಣ್ಣ ಹತ್ತಬೇಕು. ಕೂರಿಸಿದ ಮೇಲೆ ಹಚ್ಚಿದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಪ್ರತಿ ಸಂದಿನಲ್ಲೂ ಬಣ್ಣವಿಲ್ಲದ ಹಳದಿ ಗೆರೆ ಇಣುಕುತ್ತದೆ. ಹಿಂಬದಿಗೂ ಹಚ್ಚಿ. ಒಂದೇ ಮೈಗೆ ಹಚ್ಚಿದ ಹಲಗೆ ಸೊಟ್ಟಗಾಗುತ್ತದೆ. ಕಾಲುಗಳ ಅಡಿ ತುದಿಗೆ ಎರಡು ಕೈ ಹೆಚ್ಚಿಗೆ ಕುಡಿಸಿ, ನೆಲ ಒರೆಸುವ ನೀರನ್ನು ಮರ ಅಲ್ಲಿಂದಲೇ ಹೀರುತ್ತದೆ. ಅಡಿಗೆ ರಬ್ಬರ್ ಬಿಲ್ಲೆಯೊಂದನ್ನು ಹಾಕಿದರೆ ಇನ್ನೂ ಒಳ್ಳೆಯದು.

ಬಿಗಿಯುವುದು, ನಿಲ್ಲಿಸುವುದು

ಒಣಗಿದ ಹಲಗೆಗಳನ್ನು ಸಂಖ್ಯೆಯ ಪ್ರಕಾರ ಇಟ್ಟು, ನಡುವೆ ಕಾರ್ಡುಗಳನ್ನು ಸಿಕ್ಕಿಸಿ, ಹಿಂದಿನಿಂದ ರೀಪಿನ ಮೂಲಕ 30 ಮಿ.ಮೀ. ಸ್ಕ್ರೂ ಹಾಕಿ. ಪ್ರತಿ ಹಲಗೆಗೆ ಮೇಲೆ ಒಂದು, ಕೆಳಗೆ ಒಂದು, ಎರಡೂ ಹಲಗೆಯ ಅಗಲದ ನಟ್ಟನಡುವೆ. "ಇನ್ನೊಂದೊಂದು ಇರಲಿ, ಗಟ್ಟಿ" ಎಂದು ನಿಮ್ಮ ಕೈ ತುರಿಸುತ್ತದೆ. ಬೇಡ. ನಡುವಿನ ಒಂದೇ ಸ್ಕ್ರೂ ಇದ್ದರೆ ಹಲಗೆ ಎರಡೂ ಕಡೆಗೆ ಸಮನಾಗಿ ಸರಿದಾಡುತ್ತದೆ. ಎರಡು ಹಾಕಿದಿರೋ, ನನ್ನ ಮೊದಲನೆಯದರ ಕತೆಯೇ. ಸ್ಕ್ರೂ ಮುಂಬದಿಗೆ ತೂರಿ ಬರದಂತೆ ಡ್ರಿಲ್ ಬಿಟ್ಟಿಗೆ 28 ಮಿ.ಮೀ. ಆಳದಲ್ಲಿ ಟೇಪು ಸುತ್ತಿ ಮೊದಲೇ ತೂತು ಮಾಡಿಕೊಳ್ಳಿ. ಬಿಗಿದಾದ ಮೇಲೆ ಕಾರ್ಡುಗಳನ್ನು ಎಳೆದುಕೊಳ್ಳಿ.

ಮೇಲ್ಪಟ್ಟಿಯನ್ನು ಮೇಲಿನ ಅಡ್ಡಪಟ್ಟಿಗೆ ಅಂಟಿಸಿ. ಕನ್ನಡಕ, ಮೊಬೈಲ್ ಇಡಲು ಮೂರು ಇಂಚು ಸಾಕು. ಮುಂದಿನ ಅಂಚನ್ನು ಚೆನ್ನಾಗಿ ದುಂಡಗೆ ಮಾಡಿರಿ, ತಲೆ ತಾಗುವುದು ಅಲ್ಲಿಗೇ.

ಇಡೀ ತಲೆಹಲಗೆ ಇಪ್ಪತ್ತೈದರಿಂದ ಮೂವತ್ತು ಕೆ.ಜಿ. ತೂಗುತ್ತದೆ, ಎತ್ತಲು ಇಬ್ಬರು ಬೇಕು. ಕಾಲುಗಳನ್ನು ಮಂಚದ ಚೌಕಟ್ಟಿಗೆ 8 ಮಿ.ಮೀ. ಬೋಲ್ಟುಗಳಿಂದ, ಒಂದೊಂದು ಕಡೆ ಎರಡರಂತೆ, ಅಗಲ ವಾಷರ್ ಹಾಕಿ ಬಿಗಿಯಿರಿ. ಮರದ ಸ್ಕ್ರೂ ಬೇಡ, ಮನೆ ಬದಲಿಸುವಾಗ ಬಿಚ್ಚಿ ಮತ್ತೆ ಹಾಕಿದರೆ ಹಿಡಿತ ಹೋಗುತ್ತದೆ. ಮಂಚ ಕೆಳಗೆ ಪೆಟ್ಟಿಗೆಯಿರುವಂಥದ್ದಾಗಿ ಬೋಲ್ಟು ಹಾಕಲು ಜಾಗವಿಲ್ಲದಿದ್ದರೆ ಗೋಡೆಗೇ ತೂಗುಹಾಕಬಹುದು. ನಾಲ್ಕಿಂಚು ಅಗಲದ ಪಟ್ಟಿಯೊಂದನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ. ಒಂದರ್ಧವನ್ನು ಓರೆ ಮೇಲ್ಮುಖವಾಗಿ, ಗೋಡೆಯ ಕಡೆಗೆ ಇಳಿಯುವಂತೆ ಗೋಡೆಗೆ ಬಿಗಿಯಿರಿ. ಇನ್ನೊಂದನ್ನು ತಲೆಕೆಳಗಾಗಿ ತಲೆಹಲಗೆಯ ಮೇಲಿನ ಅಡ್ಡಪಟ್ಟಿಯ ಹಿಂದೆ ಬಿಗಿಯಿರಿ. ಕೊಕ್ಕೆಗೆ ಕೊಕ್ಕೆ ಸಿಕ್ಕಿಕೊಂಡು ಭಾರ ಹೆಚ್ಚಿದಷ್ಟೂ ಗೋಡೆಗೆ ಒತ್ತಿಕೊಳ್ಳುತ್ತದೆ. ಜಂಬಿಟ್ಟಿಗೆ ಕಲ್ಲಿನ ಗೋಡೆಯಾದರೆ ತೂತು ಕೊರೆಯುವಾಗ ಹುಡಿಯಾಗಿ ದೊಡ್ಡದಾಗುತ್ತದೆ, ಸ್ಕ್ರೂ ಹಿಡಿದುಕೊಳ್ಳುವ ಉದ್ದನೆಯ ಪ್ಲಗ್ಗು ಹಾಕಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ಮಾತ್ರ ಕೊರೆಯಬೇಡಿ. ತಂತಿ ಓಡುವುದು ಆ ದಾರಿಗಳಲ್ಲೇ.

ತಲೆಹಲಗೆಗೂ ಗೋಡೆಗೂ ನಡುವೆ ಬೆರಳಗಲ ಜಾಗ ಬಿಟ್ಟು, ಮೇಲಿನ ಎರಡು ಮೂಲೆಗಳಿಗೆ ದಪ್ಪ ರಬ್ಬರ್ ತುಂಡು ಅಂಟಿಸಿ. ಮಳೆಗಾಲದಲ್ಲಿ ಬೆವರುವ ಗೋಡೆಗೆ ಮರವನ್ನು ಒತ್ತಿ ನಿಲ್ಲಿಸಿದರೆ ಹಿಂದೆ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ ಎರಡು ಸಲ, ಮಳೆ ಹಿಡಿಯುವ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ, ಬೋಲ್ಟುಗಳನ್ನು ಕಾಲು ಸುತ್ತು ತಿರುಗಿಸಿ ನೋಡಿ.

ನಮ್ಮ ಮನೆಯಲ್ಲಿ ಆಗಸ್ಟ್‌ನಲ್ಲಿ ಸಂದುಗಳು ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತವೆ. ಮಾರ್ಚ್ ಹೊತ್ತಿಗೆ ಎಷ್ಟು ತೆರೆದಿರುತ್ತವೆ ಎಂದರೆ ನನ್ನ ಹೆಂಡತಿ ಮಲಗುವ ಮುಂಚೆ ತನ್ನ ಹೇರ್‌ಪಿನ್ನುಗಳನ್ನು ಬಲಗಡೆಯಿಂದ ಮೂರನೆಯ ಸಂದಿಗೆ ಸಿಕ್ಕಿಸಿಡುತ್ತಾಳೆ. ಮಳೆ ಹಿಡಿದ ಮೇಲೆ ಅವನ್ನು ಹೊರತೆಗೆಯಲು ಇಕ್ಕಳ ಬೇಕಾಗುತ್ತದೆ.